ಕಣ್ಣು ಮೇಲಿದೆಯಂತೆ

ಕೊರಿಯನ್ ಭಾಷೆಯಲ್ಲಿ ‘ನೂನಿ ನೊಪ್ತಾ’ ಅಂತ ಒಂದು ಮಾತಿದೆ. ಕಣ್ಣು ಎತ್ತರದಲ್ಲಿದೆ ಅಂತ ಅರ್ಥ. ನಮ್ಮ ‘ಕಣ್ಣು ನೆತ್ತಿಗೇರಿದೆ’ಗೆ ದೂರದ ನೆಂಟ, ಅಷ್ಟು ಕಟುವಲ್ಲ. ಬಂದ ಗಂಡುಗಳನ್ನೆಲ್ಲ ಬೇಡ ಅಂದವಳಿಗೂ ಹೇಳುತ್ತಾರೆ, ಸಿಕ್ಕ ಕೆಲಸ ಬೇಡ ಅಂದವಳಿಗೂ ಹೇಳುತ್ತಾರೆ.

ನಾನು ಸಿಯೋಲ್‌ನಲ್ಲಿ ಎರಡು ವರ್ಷ ಇದ್ದೆ. ಮೊದಲ ಕೆಲವು ತಿಂಗಳು ನೊರ್ಯಾಂಗ್‌ಜಿನ್‌ನ ಒಂದು ಗೊಶಿವೊನ್‌ನಲ್ಲಿ. ಒಂದು ಮಂಚ, ಒಂದು ಮೇಜು ಹಾಕಿದರೆ ಮುಗಿದೇ ಹೋಗುವ ಕೋಣೆ ಅದು. ಏರಿಯಾ ತುಂಬಾ ಸರ್ಕಾರಿ ಪರೀಕ್ಷೆಯ ಕೋಚಿಂಗ್ ಕ್ಲಾಸುಗಳು, ರಸ್ತೆ ಬದಿಯಲ್ಲಿ ನಿಂತೇ ಕಪ್ಪಿನಲ್ಲಿ ಅನ್ನ ತಿನ್ನುವ ಹುಡುಗ ಹುಡುಗಿಯರು. ಧಾರವಾಡದ ಸಪ್ತಾಪುರ ನೋಡಿದವರಿಗೆ ಜಾಸ್ತಿ ಹೇಳಬೇಕಿಲ್ಲ.

ಪಕ್ಕದ ಕೋಣೆಯವಳಿಗೆ 28 ವರ್ಷ. ಫ್ರೆಂಚ್‌ನಲ್ಲಿ ಡಿಗ್ರಿ, ಟೋಯಿಕ್ ಇಂಗ್ಲಿಷ್ ಪರೀಕ್ಷೆಯಲ್ಲಿ 900ರ ಮೇಲೆ ಅಂಕ, ಎರಡು ಇಂಟರ್ನ್‌ಶಿಪ್. ಇದನ್ನೆಲ್ಲ ಸೇರಿಸಿ ‘ಸ್ಪೆಕ್’ ಅನ್ನುತ್ತಾರೆ, ಥೇಟ್ ಮೊಬೈಲ್ ಫೋನಿಗೆ ಹೇಳುವ ಹಾಗೆ. ಹಗಲು ಕಾಫಿ ಅಂಗಡಿಯಲ್ಲಿ ‘ಆಲ್ಬಾ’, ಅಂದರೆ ಗಂಟೆ ಲೆಕ್ಕದ ಕೆಲಸ. ರಾತ್ರಿ 9ನೇ ದರ್ಜೆಯ ಸರ್ಕಾರಿ ಹುದ್ದೆಗೆ ಓದು. ಅಲ್ಲಿನ ಲೆಕ್ಕದಲ್ಲಿ 9 ಅಂದರೆ ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲು. ಇಷ್ಟಾದರೂ ಕಣ್ಣು ಮೇಲಿದೆ ಅಂತ ಅವಳ ಅಮ್ಮ ಫೋನಿನಲ್ಲಿ ಬೈಯುತ್ತಿದ್ದರಂತೆ!

ಸುಮ್ನೆ ಒಂದು ಸಣ್ಣ ಕಂಪನಿ ಸೇರಬಾರದಾ ಅಂತ ನಾನೂ ಕೇಳಿದ್ದೆ. ಈಗ ನೆನೆದರೆ ನಾಚಿಕೆಯಾಗುತ್ತದೆ. 2022ರಲ್ಲಿ ಅಲ್ಲಿನ ದೊಡ್ಡ ಕಂಪನಿಗಳ ಸರಾಸರಿ ಸಂಬಳ ತಿಂಗಳಿಗೆ 59 ಲಕ್ಷ ವೊನ್. ಸಣ್ಣ, ಮಧ್ಯಮ ಕಂಪನಿಗಳದ್ದು 28.6 ಲಕ್ಷ. ಒಮ್ಮೆ ಈ ಕಡೆ ಸೇರಿದರೆ ಆ ಕಡೆ ದಾಟುವುದು ಬಲು ಕಷ್ಟ. ಮೊದಲ ಕೆಲಸವೇ ಹಣೆಬರಹವಾಗುವ ಊರಿನಲ್ಲಿ, ಎರಡು ವರ್ಷ ಕಾದು ನೋಡೋಣ ಅಂದವಳದ್ದು ಏನು ತಪ್ಪು?

ಈ ಲೆಕ್ಕ ಹುಡುಗರಿಗೂ ಇದೆ ಅಲ್ವಾ ಅಂತ ಕೇಳುತ್ತೀರಿ. ಇದೆ. ಆದರೆ ಅವರ ತಕ್ಕಡಿ ಬೇರೆ. 2009ರಿಂದಲೇ ಅಲ್ಲಿ ಕಾಲೇಜು ಸೇರುವ ಪ್ರಮಾಣದಲ್ಲಿ ಹುಡುಗಿಯರು ಮುಂದಿದ್ದಾರೆ. ಸಂಬಳಕ್ಕೆ ಬಂದರೆ ಹೆಂಗಸರು ಗಂಡಸರಿಗಿಂತ ಸುಮಾರು ಶೇ 30ರಷ್ಟು ಹಿಂದೆ, ಒಇಸಿಡಿ ಅನ್ನುವ, ಹೆಚ್ಚಾಗಿ ಶ್ರೀಮಂತ ದೇಶಗಳೇ ಇರುವ ಕೂಟದಲ್ಲೇ ಅತಿ ದೊಡ್ಡ ಅಂತರ. ಕೆಬಿ ಕೂಕ್ಮಿನ್ ಬ್ಯಾಂಕಿನ 2015ರ ನೇಮಕಾತಿಯಲ್ಲಿ ಹುಡುಗರ ಅಂಕ ಏರಿಸಿ ಹುಡುಗಿಯರನ್ನು ಕೆಳಗೆ ತಳ್ಳಿದ್ದು 2018ರಲ್ಲಿ ಕೋರ್ಟಿನಲ್ಲಿ ಸಾಬೀತಾಯಿತು. ಬ್ಯಾಂಕಿಗೆ ಬಿದ್ದ ದಂಡ 50 ಲಕ್ಷ ವೊನ್. ನಮ್ಮ ರೂಪಾಯಿಯಲ್ಲಿ ಮೂರು ಲಕ್ಷ ಚಿಲ್ಲರೆ. ಒಂದು ಸ್ಕೂಟರೂ ಎರಡು ಮೊಬೈಲೂ ಬರುವಷ್ಟು ದುಡ್ಡು!

ಇನ್ನು ಮಗು ಆದಮೇಲೆ ಕೆಲಸ ಬಿಡಬೇಕಾದವರಿಗೆ ಕೊರಿಯನ್ನರು ಒಂದು ಹೆಸರನ್ನೇ ಇಟ್ಟಿದ್ದಾರೆ, ‘ಗ್ಯೊಂಗ್‌ದನ್‌ನ್ಯೊ’. ಕೆಲಸದ ದಾರಿ ತುಂಡಾದ ಹೆಣ್ಣು. ಗಂಡಸಿಗೆ ಇಂಥ ಹೆಸರು ಇದೆಯಾ ಅಂತ ನನ್ನ ಪಕ್ಕದ ಕೋಣೆಯವಳನ್ನು ಕೇಳಿದ್ದೆ. ಸ್ವಲ್ಪ ಹೊತ್ತು ಯೋಚಿಸಿ, ಇಲ್ಲ ಅಂದಳು.

ಕಳೆದ ವರ್ಷ ಮೆಸೇಜ್ ಮಾಡಿದ್ದಳು. ಪರೀಕ್ಷೆ ಬಿಟ್ಟು, ಹೊರದೇಶದಿಂದ ಮಾಲು ತರಿಸುವ ಸಣ್ಣ ಕಂಪನಿಯೊಂದನ್ನು ಸೇರಿದ್ದಾಳೆ. ಫ್ರೆಂಚ್ ಉಪಯೋಗಕ್ಕೆ ಬರುತ್ತಾ ಅಂತ ಕೇಳಿದೆ.

‘ಬರುತ್ತೆ, ವೈನ್ ಬಾಟಲಿಯ ಲೇಬಲ್ ಓದುವುದಕ್ಕೆ’ ಅಂದಳು.