ಕೇಳಿ ಪಡೆದ ಒಂದು ಸೆಕೆಂಡು

ಅಮೆರಿಕದ ಅಲಬಾಮಾ ರಾಜ್ಯದಲ್ಲಿ ಯಾರೂ ಇವತ್ತಿನವರೆಗೆ ಫುಟ್‌ಬಾಲ್ ಪಂದ್ಯ ಸೋತಿಲ್ಲ. ಸ್ಕೋರ್‌ಬೋರ್ಡಿನಲ್ಲಿ ಏನೇನೋ ಬಂದಿರುತ್ತದೆ, ಅದು ಬೇರೆ ವಿಷಯ. ಅಭಿಮಾನಿಗಳನ್ನು ಕೇಳಿ ನೋಡಿ. ಗಡಿಯಾರ ಮೋಸ ಮಾಡಿರುತ್ತದೆ. ರೆಫರಿಗೆ ಕಣ್ಣು ಕಂಡಿರುವುದಿಲ್ಲ. ಗೋಲಿನ ಕಂಬ ಒಂಚೂರು ಆಚೆ ಇರಬೇಕಿತ್ತು. ಸೋಲು ಮಾತ್ರ ಆಗಿರುವುದಿಲ್ಲ.

ಇದು ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ. ಹೆಲ್ಮೆಟ್ ಹಾಕಿಕೊಂಡು, ಮೊಟ್ಟೆ ಆಕಾರದ ಚೆಂಡನ್ನು ಕೈಯಲ್ಲಿ ಅವುಚಿಕೊಂಡು ಓಡುವ ಆಟ. ಕಾಲಿಗೆ ಕೆಲಸ ಬರುವುದೇ ಅಪರೂಪ. ಬಂದಾಗೆಲ್ಲ ಏನಾದರೊಂದು ಅನಾಹುತ.

ಆ ರಾಜ್ಯದಲ್ಲಿ ದೊಡ್ಡ ಕಾಲೇಜು ತಂಡಗಳು ಎರಡು. ಟಸ್ಕಲೂಸಾ ಊರಿನ ಅಲಬಾಮಾ ಯೂನಿವರ್ಸಿಟಿ ಒಂದು, ಆಬರ್ನ್ ಊರಿನ ಆಬರ್ನ್ ಯೂನಿವರ್ಸಿಟಿ ಇನ್ನೊಂದು. ವೃತ್ತಿಪರ ಫುಟ್‌ಬಾಲಿನ ಎನ್‌ಎಫ್‌ಎಲ್ ತಂಡ ಆ ರಾಜ್ಯಕ್ಕಿಲ್ಲ, ಬ್ಯಾಸ್ಕೆಟ್‌ಬಾಲಿನ ಎನ್‌ಬಿಎ ತಂಡವೂ ಇಲ್ಲ. ಹಾಗಾಗಿ ಜನರ ಪ್ರೀತಿ, ಸಿಟ್ಟು, ಹಠ ಎಲ್ಲವೂ ಹತ್ತೊಂಬತ್ತು ಇಪ್ಪತ್ತರ ಹುಡುಗರ ತಲೆ ಮೇಲೆ ಬೀಳುತ್ತದೆ. ಹೊಸಬರು ಯಾರೇ ಬರಲಿ, ಮದುವೆ ಮನೆಯಲ್ಲಿ ಹುಡುಗನ ಕಡೆಯವರೋ ಹುಡುಗಿ ಕಡೆಯವರೋ ಎಂದು ವಿಚಾರಿಸುವ ಹಾಗೆ, ಯಾವ ಕಡೆ ಎಂದು ಕೇಳುತ್ತಾರೆ. ನಾನು ಯಾವ ಕಡೆಯೂ ಅಲ್ಲ, ಸುಮ್ನೆ ಎಂ.ಎಸ್. ಮಾಡೋಕೆ ಬಂದೆ ಅಂದರೆ ಅನುಮಾನದಿಂದ ನೋಡುತ್ತಾರೆ. ಗಂಡ ಒಂದು ಕಡೆ, ಹೆಂಡತಿ ಇನ್ನೊಂದು ಕಡೆ ಆದರೆ ಕಾರಿಗೆ ಅರ್ಧ ಒಂದು ತಂಡದ, ಇನ್ನರ್ಧ ಇನ್ನೊಂದು ತಂಡದ ಗುರುತಿರುವ ಪ್ಲೇಟು ಹಾಕಿಸುತ್ತಾರೆ. ಅದರ ಮೇಲೆ ‘ಒಡೆದ ಮನೆ’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಹೆಮ್ಮೆಯಿಂದ!

ವರ್ಷಕ್ಕೊಮ್ಮೆ, ನವೆಂಬರ್ ಕೊನೆಯಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಬೆನ್ನಿಗೇ ಈ ಎರಡು ತಂಡಗಳು ಎದುರಾಗುತ್ತವೆ. ಆ ಪಂದ್ಯಕ್ಕೆ ಐರನ್ ಬೌಲ್ ಎಂದು ಹೆಸರು. ಗೆದ್ದವರಿಗೆ ಒಂದು ವರ್ಷ ಕೊಚ್ಚಿಕೊಳ್ಳುವ ಹಕ್ಕು. ಸೋತವರಿಗೆ ಒಂದು ವರ್ಷ ವಿವರಣೆ ಕೊಡುವ ಕೆಲಸ.

ವಿವರಣೆಗಳಲ್ಲೆಲ್ಲ ಶ್ರೇಷ್ಠವಾದದ್ದು 2013ರದ್ದು.

ಆ ವರ್ಷ ನವೆಂಬರ್ 30ರಂದು ಆಬರ್ನ್‌ನ ಜಾರ್ಡನ್-ಹೇರ್ ಸ್ಟೇಡಿಯಮ್ಮಿನಲ್ಲಿ ಪಂದ್ಯ. ಅಲಬಾಮಾ ಆಗ ದೇಶಕ್ಕೇ ನಂಬರ್ ಒನ್. ಹಿಂದಿನ ಎರಡು ಸೀಸನ್ನಿನ ರಾಷ್ಟ್ರೀಯ ಚಾಂಪಿಯನ್ ಕೂಡ. ಆಬರ್ನ್ ಹಿಂದಿನ ವರ್ಷ ಆಡಿದ 12 ಪಂದ್ಯಗಳಲ್ಲಿ ಗೆದ್ದಿದ್ದು ಬರೀ 3, ಇದೇ ಅಲಬಾಮಾ ಕೈಲಿ 49-0 ಅಂತರದಲ್ಲಿ ಒದೆ ತಿಂದಿತ್ತು. ಈ ಸಲ ಮಾತ್ರ ನಾಲ್ಕನೇ ಕ್ವಾರ್ಟರ್ ಮುಗಿಯುವ ಹೊತ್ತಿಗೆ 28-28. ಅಲಬಾಮಾದ ಹುಡುಗ ಚೆಂಡು ಹಿಡಿದು ಓಡಿ ಮೈದಾನದ ಪಕ್ಕದ ಗೆರೆಯಾಚೆ ಹೋದ. ಗಡಿಯಾರ ಸೊನ್ನೆ ತೋರಿಸಿತು. ಇನ್ನು ಓವರ್‌ಟೈಮ್ ಎಂದು ಎಲ್ಲರೂ ಅಂದುಕೊಂಡರು.

ಅಲಬಾಮಾ ಕೋಚ್ ನಿಕ್ ಸೇಬನ್ ಒಬ್ಬರು ಹಾಗೆ ಅಂದುಕೊಳ್ಳಲಿಲ್ಲ. ಹುಡುಗನ ಕಾಲು ಗೆರೆ ದಾಟಿದಾಗ ಇನ್ನೂ ಒಂದು ಸೆಕೆಂಡು ಬಾಕಿ ಇತ್ತು, ಅದನ್ನು ವಾಪಸ್ ಕೊಡಿ ಎಂದು ಪಟ್ಟು ಹಿಡಿದರು. ರೆಫರಿಗಳು ವಿಡಿಯೋ ನೋಡಿದರು. ಹೌದು, ನೀವು ಹೇಳಿದ್ದು ಸರಿ ಎಂದು ಒಂದು ಸೆಕೆಂಡು ಕೊಟ್ಟೇಬಿಟ್ಟರು.

ಆ ಸೆಕೆಂಡಿನಲ್ಲಿ 57 ಯಾರ್ಡ್ ದೂರದಿಂದ ಗೋಲಿಗೆ ಒದೆಸಿದರು. ಚೆಂಡು ಕಂಬದವರೆಗೆ ಮುಟ್ಟಲಿಲ್ಲ. ಹಾಗೆ ಮುಟ್ಟದ ಚೆಂಡನ್ನು ಎದುರಾಳಿ ಹಿಡಿದು ಓಡಬಹುದು ಎಂಬ ನಿಯಮ ಪುಸ್ತಕದಲ್ಲಿತ್ತು, ಯಾರ ನೆನಪಲ್ಲೂ ಇರಲಿಲ್ಲ. ಕಂಬದ ಕೆಳಗೆ ನಿಂತಿದ್ದ ಆಬರ್ನ್‌ನ ಕ್ರಿಸ್ ಡೇವಿಸ್ ಹಿಡಿದ, ಮೈದಾನದ ಎಡ ಅಂಚಿನಲ್ಲಿ ಆ ತುದಿಯಿಂದ ಈ ತುದಿಯವರೆಗೆ ಓಡಿದ. ಒದೆಯುವುದಕ್ಕೆಂದು ಇಳಿಸಿದ್ದ ಅಲಬಾಮಾದ ದಢೂತಿ ಆಳುಗಳು ಅವನ ಹಿಂದೆ ಓಡುವ ಪ್ರಯತ್ನ ಮಾಡಿದರು. ಚೆಂಡನ್ನು ತುದಿಯ ಗೆರೆ ದಾಟಿಸಿದ್ದಕ್ಕೆ, ಅಂದರೆ ಟಚ್‌ಡೌನ್‌ಗೆ, 6 ಪಾಯಿಂಟ್. 34-28. ಆ ಓಟಕ್ಕೆ ‘ಕಿಕ್ ಸಿಕ್ಸ್’ ಎಂದು ಹೆಸರು ಬಿತ್ತು.

ಈಗ ಅಲಬಾಮಾ ಅಭಿಮಾನಿಯ ತರ್ಕ ನೋಡಿ. ಆ ಸೆಕೆಂಡು ಕೊಡಲೇಬಾರದಿತ್ತು. ರೆಫರಿಗೆ ಬೆನ್ನುಮೂಳೆ ಇದ್ದಿದ್ದರೆ ಆಗಲ್ಲ ಅನ್ನಬೇಕಿತ್ತು. ಆಗಲ್ಲ ಅಂದಿದ್ದರೆ ಓವರ್‌ಟೈಮ್, ಓವರ್‌ಟೈಮ್ ಆಗಿದ್ದರೆ ಗೆಲುವು ನಮ್ಮದೇ. ಅಂದರೆ ರೆಫರಿಯ ಅಪರಾಧ ಏನು? ನಮ್ಮ ಕೋಚ್ ಮಾತು ಕೇಳಿದ್ದು. ಬೇರೆ ಕಡೆ ಅಭಿಮಾನಿಗಳು ರೆಫರಿ ತಮ್ಮ ವಿರುದ್ಧ ತೀರ್ಪು ಕೊಟ್ಟ ಎಂದು ಅಳುತ್ತಾರೆ. ತಮ್ಮ ಪರವಾಗಿ ಕೊಟ್ಟ ಎಂದು ಅತ್ತವರು ಇವರೇ ಮೊದಲಿಗರಿರಬೇಕು.

ಇನ್ನೊಂದು ಸಮಾಧಾನವೂ ಅವರಿಗೆ ಸಿಕ್ಕಿತು. ಡೇವಿಸ್ ಓಡಿದ್ದು 109 ಯಾರ್ಡ್. ಗೋಲಿನ ಗೆರೆಯ ಹಿಂದೆ ಓಡಿದ್ದನ್ನು ಕಾಲೇಜು ಫುಟ್‌ಬಾಲ್ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹಾಗಾಗಿ ದಾಖಲೆ ಪುಸ್ತಕದಲ್ಲಿ ಇರುವುದು 100 ಮಾತ್ರ. ಬಾಕಿ 9 ಯಾರ್ಡನ್ನು ಅವನು ಸುಮ್ನೆ ಓಡಿದ. ಸೋತವರಿಗೆ ಅಷ್ಟಾದರೂ ಬೇಡವೇ?

ಆರು ವರ್ಷದ ನಂತರ, 2019ರಲ್ಲಿ, ಮತ್ತೆ ನವೆಂಬರ್ 30, ಮತ್ತೆ ಅದೇ ಸ್ಟೇಡಿಯಂ. ಮೊದಲ ಅರ್ಧ ಮುಗಿಯುವಾಗ ಆಬರ್ನ್ ಕೈಯಲ್ಲಿ ಚೆಂಡಿತ್ತು, ಗಡಿಯಾರ ಸೊನ್ನೆಗೆ ಬಂದಿತ್ತು. ರೆಫರಿಗಳು ವಿಡಿಯೋ ನೋಡಿ ಒಂದು ಸೆಕೆಂಡು ವಾಪಸ್ ಇಟ್ಟರು. ಅದೇ ಅಳತೆ, ಅದೇ ಒಂದು ಸೆಕೆಂಡು. ಈ ಸಲ ಬಂದಿದ್ದು ಆಬರ್ನ್‌ಗೆ. ಅವರು 52 ಯಾರ್ಡಿನಿಂದ ಒದ್ದು 3 ಪಾಯಿಂಟ್ ತೆಗೆದುಕೊಂಡರು. ಪಂದ್ಯ ಮುಗಿದಾಗ 48-45. ಅಂತರ ಎಷ್ಟು? ಸರಿಯಾಗಿ 3.

ಅಲಬಾಮಾದ ಮನೆಮನೆಯಲ್ಲಿ ಆ ರಾತ್ರಿ ಭೌತಶಾಸ್ತ್ರಜ್ಞರು ಹುಟ್ಟಿಕೊಂಡರು. ಒಂದು ಸೆಕೆಂಡಿನಲ್ಲಿ ಅಷ್ಟು ಜನ ಜಾಗಕ್ಕೆ ಬಂದು ನಿಂತು, ಚೆಂಡು ಹಿಂದಕ್ಕೆ ಕೊಟ್ಟು, ಒದೆಯೋಕೆ ಆಗುತ್ತದಾ? 2013ರಲ್ಲಿ ಅವರದೇ ತಂಡ ಅದನ್ನೇ ಮಾಡಿತ್ತು ಎಂದು ನೆನಪಿಸಿದರೆ, ಅದು ಬೇರೆ ಅನ್ನುತ್ತಾರೆ. ಹೌದು, ಬೇರೆಯೇ. ಅದನ್ನು ಇವರು ಕೇಳಿದ್ದರು, ಇದನ್ನು ಕೇಳಿರಲಿಲ್ಲ.

ಅದೇ ಪಂದ್ಯದಲ್ಲಿ ಅಲಬಾಮಾ ಎಸೆದ ಎರಡು ಪಾಸುಗಳನ್ನು ಆಬರ್ನ್ ಕಸಿದುಕೊಂಡು ಹೋಗಿ ಟಚ್‌ಡೌನ್ ಮಾಡಿತ್ತು. ಆ ಲೆಕ್ಕ ಯಾರೂ ತೆಗೆಯುವುದಿಲ್ಲ. ಎರಡು ನಿಮಿಷ ಬಾಕಿ ಇರುವಾಗ ಅಲಬಾಮಾ 30 ಯಾರ್ಡಿನಿಂದ ಒದ್ದ ಚೆಂಡು ಕಂಬಕ್ಕೆ ಬಡಿದು ಹೊರಗೆ ಬಿತ್ತು. ಕೊನೆಯಲ್ಲಿ ಆಬರ್ನ್ ಒಂದು ಸಣ್ಣ ತರಲೆ ಮಾಡಿ ಆಟಗಾರರನ್ನು ಅದಲುಬದಲು ನಿಲ್ಲಿಸಿತು. ಗಲಿಬಿಲಿಗೊಂಡ ಅಲಬಾಮಾ 12 ಜನರನ್ನು ಮೈದಾನದಲ್ಲಿ ಬಿಟ್ಟುಕೊಂಡು ದಂಡ ತೆತ್ತಿತು. ಪಂದ್ಯ ಅಲ್ಲಿಗೇ ಮುಗಿಯಿತು. ಹನ್ನೊಂದು ಎಣಿಸೋಕೆ ಬಾರದವರು ಒಂದು ಸೆಕೆಂಡಿನ ಲೆಕ್ಕ ಕೇಳುತ್ತಾರೆ.

ಇನ್ನು ‘ನಾವು’ ಯಾರು ಎಂಬ ವಿಷಯ. ಈ ಅಭಿಮಾನಿಗಳಲ್ಲಿ ಬಹಳ ಜನ ಆ ಕಾಲೇಜಿನ ಮೆಟ್ಟಿಲು ಹತ್ತಿದವರೇ ಅಲ್ಲ. ಆದರೂ ಗೆದ್ದಾಗ ನಾವು ಗೆದ್ವಿ. ಸೋತಾಗ ಆ ಕಿಕ್ಕರ್ ಸೋತ. 2013ರ ಪಂದ್ಯದಲ್ಲಿ ಆ ಕೊನೇ ಒದೆತಕ್ಕೆ ಮೊದಲು ಅಲಬಾಮಾದ ಇನ್ನೊಬ್ಬ ಕಿಕ್ಕರ್ ಕೇಡ್ ಫಾಸ್ಟರ್ ಮೂರು ಸಲ ಒದ್ದಿದ್ದ. ಎರಡು ತಪ್ಪಿತು, ಒಂದನ್ನು ಎದುರಾಳಿ ತಡೆದರು. ಆ ರಾತ್ರಿಯಿಂದಲೇ ಹುಡುಗನಿಗೆ ಕೊಲೆ ಬೆದರಿಕೆಗಳು ಶುರುವಾದವು. ಬೆದರಿಕೆ ಹಾಕಿದವರು ಅವನ ಎದುರಾಳಿಗಳಲ್ಲ, ಅವನದೇ ‘ನಾವು’. ಕೊನೆಗೆ ಮಾಜಿ ಅಧ್ಯಕ್ಷ ಜಾರ್ಜ್ ಡಬ್ಲ್ಯು. ಬುಷ್ ಕೈಯಾರೆ ಪತ್ರ ಬರೆದು ಧೈರ್ಯ ಹೇಳಿದರು. ಬುಷ್ ದೇಶದ 43ನೇ ಅಧ್ಯಕ್ಷ, ಹುಡುಗನ ಜೆರ್ಸಿಯೂ 43. ಎಡವಟ್ಟು ಮಾಡಿಕೊಂಡು ಜನರಿಂದ ಬೈಸಿಕೊಳ್ಳುವುದು ಹೇಗೆ ಎಂದು ಹೇಳಿಕೊಡೋಕೆ ಅವರಿಗಿಂತ ಅನುಭವಸ್ಥರು ಸಿಗುವುದಿಲ್ಲ, ಅಲ್ವಾ?

ಆ ಹುಡುಗರಿಗೆ ಆಗ ಸಂಬಳ ಇರಲಿಲ್ಲ. ಸ್ಕಾಲರ್‌ಶಿಪ್, ಊಟ, ವಸತಿ ಅಷ್ಟೇ. ಕೋಚ್‌ಗೆ ವರ್ಷಕ್ಕೆ 50 ಲಕ್ಷ ಡಾಲರಿಗೂ ಜಾಸ್ತಿ. ಸೆಕೆಂಡು ಕೇಳಿದ್ದು ಕೋಚ್, ಅಷ್ಟು ದೂರದಿಂದ ಒದೆಸಿದ್ದು ಕೋಚ್. ಅವರ ಕಂಚಿನ ಪ್ರತಿಮೆ ಟಸ್ಕಲೂಸಾದ ಸ್ಟೇಡಿಯಂ ಮುಂದೆ ಆಗಲೂ ಇತ್ತು, ಈಗಲೂ ಇದೆ.

ಬೈಯೋಕೆ ಮನುಷ್ಯರು ಸಾಲದೆ ಹೋದರೆ ಮರಗಳಿವೆ. 2010ರಲ್ಲಿ ಟಸ್ಕಲೂಸಾದಲ್ಲಿ ಅಲಬಾಮಾ 24-0 ಮುಂದಿತ್ತು. ಅಲ್ಲಿಂದ ಎದ್ದು ಬಂದ ಆಬರ್ನ್ 28-27ರಲ್ಲಿ ಗೆದ್ದಿತು. ಒಂದೇ ಒಂದು ಪಾಯಿಂಟ್. ಆಬರ್ನ್‌ನವರಿಗೆ ಒಂದು ಪದ್ಧತಿ ಇದೆ. ಗೆದ್ದಾಗ ಊರಿನ ಟೂಮರ್ಸ್ ಕಾರ್ನರಿಗೆ ಹೋಗಿ ಅಲ್ಲಿನ ಹಳೇ ಓಕ್ ಮರಗಳ ಮೇಲೆ ಟಾಯ್ಲೆಟ್ ಪೇಪರ್ ಸುರುಳಿ ಎಸೆಯುತ್ತಾರೆ. ಓದಿದವರು, ಯೂನಿವರ್ಸಿಟಿ ಊರಿನವರು, ಖುಷಿಯಾದರೆ ಮರಕ್ಕೆ ಟಾಯ್ಲೆಟ್ ಪೇಪರ್ ಹಾಕುತ್ತಾರೆ. ಇರಲಿ. ಅಲಬಾಮಾದ ಒಬ್ಬ ಅಭಿಮಾನಿ, ಹಾರ್ವಿ ಅಪ್‌ಡೈಕ್, ಆ ಮರಗಳ ಬುಡಕ್ಕೆ ಕಳೆನಾಶಕ ಸುರಿದ. ಮಾಡಿದ್ದನ್ನು ಮುಚ್ಚಿಟ್ಟುಕೊಂಡನೇ? ಇಲ್ಲ. ತಾನೇ ರೇಡಿಯೋ ಕಾರ್ಯಕ್ರಮಕ್ಕೆ ಫೋನ್ ಮಾಡಿ ಲಕ್ಷಾಂತರ ಜನರ ಮುಂದೆ ಹೇಳಿಕೊಂಡ. ಕೊನೆಗೆ ತನ್ನ ತಂಡದ ಜೈಕಾರವನ್ನೂ ಹಾಕಿದ. ಪೊಲೀಸರಿಗೆ ಇಷ್ಟು ಸಹಕಾರ ಕೊಟ್ಟ ಅಪರಾಧಿ ಕಡಿಮೆ.

ಮಗಳನ್ನು ತಂಡದ ಕಡುಗೆಂಪು ಬಣ್ಣದ ಹೆಸರು ಹಿಡಿದು ಕ್ರಿಮ್ಸನ್ ಎಂದು ಕರೆಯುವ ಮಟ್ಟಕ್ಕೆ ಅವನ ಅಭಿಮಾನ ಹೋಗಿತ್ತು ಅಂತ ಹೇಳಿ ಬಿಡಬಹುದಿತ್ತು. ಆದರೆ ಮಕ್ಕಳ ವಿಷಯ ನಮಗೇಕೆ. ಅವನು ಜೈಲಿಗೆ ಹೋಗಿ ಬಂದ. ಮರಗಳು ಉಳಿಯಲಿಲ್ಲ, 2013ರ ಏಪ್ರಿಲ್‌ನಲ್ಲಿ ಕಡಿದು ಹಾಕಿದರು. ಮರ ಉಳಿಸೋಕೆ ಅಲಬಾಮಾದ ಇತರ ಅಭಿಮಾನಿಗಳೇ ಚಂದಾ ಎತ್ತಿದ್ದರು, ಅದನ್ನೂ ಹೇಳಬೇಕು. ಅದೇ ನವೆಂಬರ್‌ನಲ್ಲಿ ಕಿಕ್ ಸಿಕ್ಸ್ ಆದಾಗ ಆ ಓಕ್‌ಗಳು ಇರಲಿಲ್ಲ. ಪೇಪರ್ ಎಸೆಯೋದು ನಿಂತಿತೇ? ಇಲ್ಲ. 2015ರಲ್ಲಿ ಹೊಸ ಮರ ತಂದು ನೆಟ್ಟರು. ಮರುವರ್ಷ ಆಬರ್ನ್ ಎಲ್‌ಎಸ್‌ಯು ತಂಡವನ್ನು ಸೋಲಿಸಿದ ರಾತ್ರಿ ಯಾರೋ ಪೇಪರಿಗೆ ಬೆಂಕಿ ಇಟ್ಟು ಒಂದು ಮರ ಸುಟ್ಟಿತು. ಸೋತರೆ ವಿಷ, ಗೆದ್ದರೆ ಬೆಂಕಿ. ಆ ಊರಿನಲ್ಲಿ ಮರವಾಗಿ ಹುಟ್ಟಬಾರದು.

ಆಬರ್ನ್‌ನವರು ಇದನ್ನೆಲ್ಲ ಓದಿ ನಗುತ್ತಿದ್ದರೆ ಅವರಿಗೆ 2023 ನೆನಪಿಸೋಣ. ಅದೇ ಜಾರ್ಡನ್-ಹೇರ್. ಆಬರ್ನ್ 24-20 ಮುಂದೆ. ಇನ್ನೇನು ಮುಗಿಯಿತು. ಅಲಬಾಮಾಕ್ಕೆ ಉಳಿದಿದ್ದು ಕೊನೆಯ ಪ್ರಯತ್ನ, ಹೋಗಬೇಕಾದ ದೂರ 31 ಯಾರ್ಡ್. ನಾಲ್ಕು ಪ್ರಯತ್ನದಲ್ಲಿ 10 ಯಾರ್ಡ್ ದಾಟುವುದೇ ಕಷ್ಟವಾದ ಆಟದಲ್ಲಿ ಇದು ಆಗದ ಹೋಗದ ಮಾತು. ಜೇಲನ್ ಮಿಲ್ರೋ ಎಸೆದ, ಐಸಯ್ಯ ಬಾಂಡ್ ಮೂಲೆಯಲ್ಲಿ ಹಿಡಿದ. 27-24, ಬಾಕಿ 32 ಸೆಕೆಂಡು.

ಆಬರ್ನ್ ಅಭಿಮಾನಿಗಳ ವಿವರಣೆ ಇನ್ನೂ ಸೊಗಸು. ನಾವು ಸೋತಿದ್ದು ಒಂದೇ ಆಟದಲ್ಲಿ, ಉಳಿದ ಅರವತ್ತು ನಿಮಿಷ ಗೆದ್ದಿದ್ದೆವು ಅನ್ನುತ್ತಾರೆ. ಹಿಂದಿನ ವಾರವಷ್ಟೇ, ದುಡ್ಡು ಕೊಟ್ಟು ಕರೆಸಿದ್ದ ನ್ಯೂ ಮೆಕ್ಸಿಕೊ ಸ್ಟೇಟ್ ತಂಡದ ಕೈಲಿ ಇದೇ ಮೈದಾನದಲ್ಲಿ 31-10 ಅಂತರದಲ್ಲಿ ಅವರು ಸೋತಿದ್ದರು. ಆ ಸೋಲಿಗೆ ಯಾರೂ ವಿವರಣೆ ಕೊಡಲಿಲ್ಲ. ಕೊಡೋಕೆ ಏನೂ ಇರಲಿಲ್ಲ.

ಹಠದ ವಿಷಯದಲ್ಲಿ ಎರಡೂ ಕಡೆಯವರು ಒಂದೇ ಮಗ್ಗದ ಬಟ್ಟೆ. 1907ರಲ್ಲಿ ಇವರ ಪಂದ್ಯ 6-6 ಡ್ರಾ ಆಯಿತು. ಮುಂದಿನ ವರ್ಷ ಆಟಗಾರರ ದಿನದ ಖರ್ಚು ಎಷ್ಟು, ರೆಫರಿಯನ್ನು ಎಲ್ಲಿಂದ ಕರೆಸಬೇಕು ಎಂದು ಜಗಳ ಬಂತು. ವ್ಯತ್ಯಾಸ ಕೊನೆಗೆ 34 ಡಾಲರಿಗೆ ಬಂದು ನಿಂತಿತ್ತು ಎನ್ನುತ್ತಾರೆ. 34 ಡಾಲರ್ ಯಾರೂ ಬಿಡಲಿಲ್ಲ. 41 ವರ್ಷ ಆಡಲೇ ಇಲ್ಲ! ಎರಡು ಮಹಾಯುದ್ಧ ಶುರುವಾಗಿ ಮುಗಿದವು, ಇವರದು ಮುಗಿಯಲಿಲ್ಲ. ರಾಜ್ಯದ ಶಾಸಕರೇ ನಡುವೆ ಬಂದು ಆಡ್ರಪ್ಪಾ ಎಂದು ಒತ್ತಾಯಿಸಬೇಕಾಯಿತು.

1948ರಲ್ಲಿ ರಾಜಿಯಾಯಿತು. ಎರಡೂ ಕಾಲೇಜಿನ ವಿದ್ಯಾರ್ಥಿ ನಾಯಕರು ಬರ್ಮಿಂಗ್‌ಹ್ಯಾಮಿನ ಪಾರ್ಕೊಂದರಲ್ಲಿ ಗುಂಡಿ ತೋಡಿ, ಜಗಳ ಮುಗಿಯಿತು ಎಂದು ನಿಜವಾದ ಒಂದು ಕೊಡಲಿಯನ್ನು ಹೂತರು. ಆಮೇಲೆ ಪಂದ್ಯ ನಡೆಯಿತು. ಅಲಬಾಮಾ 55, ಆಬರ್ನ್ ಸೊನ್ನೆ. ಆ ಪಂದ್ಯದ ರೆಫರಿಯನ್ನು ಇವತ್ತಿಗೂ ಯಾರೂ ಬೈಯುವುದಿಲ್ಲ.