ಇಲ್ಲದ್ದಕ್ಕೂ ಬಾಡಿಗೆ

ನಮ್ಮ ಊರುಗಳ ಬಸ್ ನಿಲ್ದಾಣದ ಎದುರಿನ ಲಾಡ್ಜುಗಳು ತಮ್ಮಲ್ಲಿ ಇರುವುದನ್ನೆಲ್ಲ ಬೋರ್ಡಿನಲ್ಲಿ ಬರೆಸುತ್ತವೆ: ಟಿ.ವಿ. ಇದೆ, ಬಿಸಿನೀರು ಇದೆ, ಫೋನ್ ಇದೆ, ವೈಫೈ ಇದೆ, ಕಾರು ನಿಲ್ಲಿಸಲು ಜಾಗವಿದೆ. ‘ಇದೆ’ಗಳ ಪಟ್ಟಿ ಉದ್ದವಾದಷ್ಟೂ ಬಾಡಿಗೆ ಏರುವುದು ನಮಗೆ ಗೊತ್ತಿರುವ ನ್ಯಾಯ. ಕ್ಯಾರಿಬಿಯನ್ ಸಮುದ್ರದ ಖಾಸಗಿ ದ್ವೀಪಗಳ ಐಷಾರಾಮಿ ರೆಸಾರ್ಟುಗಳಲ್ಲಿ ಈ ನ್ಯಾಯ ತಲೆಕೆಳಗಾಗಿದೆ. ಅಲ್ಲಿ ಟಿ.ವಿ. ಇಲ್ಲ, ಫೋನ್ ಇಲ್ಲ, ರಸ್ತೆ ಇಲ್ಲ, ಬಾಗಿಲಿಗೆ ಬೀಗ ಇಲ್ಲ, ಕಾಲಿಗೆ ಚಪ್ಪಲಿ ಬೇಕಾಗಿಲ್ಲ, ಎಲ್ಲಕ್ಕಿಂತ ಮುಖ್ಯವಾಗಿ ಜನರಿಲ್ಲ. ಇಷ್ಟೊಂದು ‘ಇಲ್ಲ’ಗಳನ್ನು ಒಂದೇ ಕಡೆ ಒದಗಿಸಲು ತಗಲುವ ವೆಚ್ಚ ಅಪಾರವಾದ್ದರಿಂದ ಬಾಡಿಗೆಯೂ ಅದಕ್ಕೆ ತಕ್ಕಂತಿದೆ.

ಸೇಂಟ್ ವಿನ್ಸೆಂಟ್ ಮತ್ತು ಗ್ರೆನಡೀನ್ಸ್ ದೇಶದ ದಕ್ಷಿಣದ ಅಂಚಿನಲ್ಲಿ ಪೆಟಿ ಸೇಂಟ್ ವಿನ್ಸೆಂಟ್ ಎಂಬ 115 ಎಕರೆಯ ದ್ವೀಪವಿದೆ. 1968ರಲ್ಲಿ ಅದು ರೆಸಾರ್ಟಾಯಿತು. ಅಲ್ಲಿರುವ 22 ಕುಟೀರಗಳಲ್ಲಿ ಯಾವುದರಲ್ಲೂ ಫೋನ್ ಇಲ್ಲದ ಕಾರಣ, ಅತಿಥಿಗೆ ಏನಾದರೂ ಬೇಕಾದರೆ ಕುಟೀರದ ಮುಂದಿನ ಕಂಬಕ್ಕೆ ಹಳದಿ ಬಾವುಟ ಏರಿಸಬೇಕು. ಸಿಬ್ಬಂದಿ ಅದನ್ನು ಕಂಡು ಪುಟ್ಟ ವಾಹನದಲ್ಲಿ ಧಾವಿಸುತ್ತಾರೆ. ಯಾರೂ ಹತ್ತಿರ ಸುಳಿಯಕೂಡದೆಂದಿದ್ದರೆ ಕೆಂಪು ಬಾವುಟ ಏರಿಸಬೇಕು. ನಾವು ಧ್ವಜಾರೋಹಣ ಮಾಡುವುದು ವರ್ಷಕ್ಕೆ ಎರಡು ಬಾರಿ, ರಾಜ್ಯೋತ್ಸವವನ್ನು ಸೇರಿಸಿಕೊಂಡರೆ ಮೂರು ಬಾರಿ, ಅದೂ ಕೊನೆಯಲ್ಲಿ ಸಿಹಿ ಹಂಚುತ್ತಾರೆಂಬ ಭರವಸೆಯಿಂದ. ಅಲ್ಲಿ ಒಂದು ಲೋಟ ಕಾಫಿಗೂ ಧ್ವಜಾರೋಹಣ ನಡೆಯುತ್ತದೆ. ಕೆಂಪು ಬಾವುಟದ ಸಂಗತಿ ಇನ್ನೂ ಸ್ವಾರಸ್ಯಕರ. ಜಗತ್ತಿನ ಉಳಿದೆಡೆಗಳಲ್ಲಿ ದುಡಿಯುವವರನ್ನು ಒಟ್ಟುಗೂಡಿಸಲು ಹಾರಿಸಿದ ಬಾವುಟವನ್ನು ಈ ದ್ವೀಪದಲ್ಲಿ ದುಡಿಯುವವರನ್ನು ದೂರವಿಡಲು ಹಾರಿಸುತ್ತಾರೆ. ಕಾರ್ಲ್ ಮಾರ್ಕ್ಸ್ ಅವರಿಗೆ ಈ ಉಪಯೋಗ ಹೊಳೆದಿರಲಿಲ್ಲ.

ಅದೇ ದೇಶದ ಮಸ್ಟೀಕ್ ದ್ವೀಪದ ಹೆಸರು ಬಂದಿರುವುದು ಸೊಳ್ಳೆ ಎಂಬರ್ಥದ ಫ್ರೆಂಚ್ ಪದದಿಂದ. 1958ರಲ್ಲಿ ಬ್ರಿಟನ್ನಿನ ಶ್ರೀಮಂತ ಮನೆತನದ ಕಾಲಿನ್ ಟೆನೆಂಟ್ ಅದನ್ನು 45,000 ಪೌಂಡಿಗೆ ಕೊಂಡರು. 1960ರಲ್ಲಿ ರಾಜಕುಮಾರಿ ಮಾರ್ಗರೆಟ್ ಅವರಿಗೆ ಮದುವೆಯ ಉಡುಗೊರೆಯಾಗಿ ಅದರ 10 ಎಕರೆಯನ್ನು ಕೊಟ್ಟರು. ರಾಜಮನೆತನದವರು ಪ್ರಜೆಗಳಿಗೆ ಇನಾಮು ಭೂಮಿ ಕೊಡುತ್ತಿದ್ದುದನ್ನು ಕೇಳಿ ಬೆಳೆದ ನಮಗೆ ಈ ತಿರುವುಮುರುವು ಸ್ವಲ್ಪ ಗಲಿಬಿಲಿ ಹುಟ್ಟಿಸುತ್ತದೆ, ಆದರೆ ಆ ದಾನದ ನಂತರ ಸೊಳ್ಳೆಯ ದ್ವೀಪಕ್ಕೆ ಬಂದ ಬೆಲೆಯನ್ನು ನೋಡಿದರೆ ಟೆನೆಂಟರು ದಾನ ಮಾಡಿದರೋ ಜಾಹೀರಾತು ಕೊಟ್ಟರೋ ಎಂಬ ಸಂಶಯ ಬರುತ್ತದೆ. ಬ್ರಿಟಿಷ್ ವರ್ಜಿನ್ ದ್ವೀಪಗಳಲ್ಲಿ ಉದ್ಯಮಿ ರಿಚರ್ಡ್ ಬ್ರಾನ್ಸನ್ 2007ರಲ್ಲಿ ಕೊಂಡ ದ್ವೀಪದ ಹೆಸರೂ ಮೊಸ್ಕಿಟೊ. ನಮ್ಮ ಬಡಾವಣೆಗಳಲ್ಲಿ ಸೊಳ್ಳೆಗಳಿವೆಯೆಂದರೆ ಬಾಡಿಗೆ ಇಳಿಸುತ್ತಾರೆ, ಅಲ್ಲಿ ಹಲಗೆಯ ಮೇಲೆಯೇ ಬರೆಸುತ್ತಾರೆ.

ಬ್ರಾನ್ಸನ್ ಅವರ ಮೊದಲ ದ್ವೀಪ ನೆಕರ್. 1970ರ ದಶಕದ ಕೊನೆಯಲ್ಲಿ ಅವರು ಅದನ್ನು 1,80,000 ಡಾಲರಿಗೆ ಪಡೆದರೆಂಬುದು ಅವರೇ ಸಂತೋಷದಿಂದ ಹೇಳಿಕೊಳ್ಳುವ ಕಥೆ. ಕೇಳಿದ ಬೆಲೆ ಅದರ ಎಷ್ಟೋ ಪಟ್ಟು ಇತ್ತಂತೆ. ಸುಮಾರು 74 ಎಕರೆಯ ಆ ಇಡೀ ದ್ವೀಪವನ್ನು ಇಂದು ಒಂದು ರಾತ್ರಿಗೆ ಬಾಡಿಗೆಗೆ ಹಿಡಿಯಲು ಲಕ್ಷ ಡಾಲರಿಗೂ ಹೆಚ್ಚು ಬೇಕು, ಎಂದರೆ 80 ಲಕ್ಷ ರೂಪಾಯಿಗೂ ಮಿಕ್ಕಿ. ಮಾಲೀಕರು ದ್ವೀಪವನ್ನೇ ಕೊಂಡ ಹಣದಲ್ಲಿ ಅತಿಥಿಗಳು ಎರಡು ರಾತ್ರಿ ಮಲಗಲಾರರು. ಆ ದ್ವೀಪದ ಸಹಜ ಪ್ರಕೃತಿಯ ಅಂಗವಾಗಿ ಮಡಗಾಸ್ಕರದ ಲೀಮರುಗಳೆಂಬ ಮಂಗನಂಥ ಪ್ರಾಣಿಗಳನ್ನು ಸಾಕಲಾಗಿದೆ. ಮಡಗಾಸ್ಕರ ಇರುವುದು ಆಫ್ರಿಕದ ಆಚೆ ಬದಿಯಲ್ಲಿ, ನಮ್ಮ ಹಿಂದೂ ಮಹಾಸಾಗರದಲ್ಲಿ ಎಂಬ ಸಣ್ಣ ಆಕ್ಷೇಪಣೆಯನ್ನು ಭೂಗೋಳದ ಮೇಷ್ಟ್ರುಗಳು ಎತ್ತಬಹುದು.

ಎತ್ತಿದರೂ ಪ್ರಯೋಜನವಿಲ್ಲ, ಏಕೆಂದರೆ ಕ್ಯಾರಿಬಿಯನ್ ಸ್ವರ್ಗದ ಮುಖ್ಯ ಗುರುತಾದ ತೆಂಗಿನಮರವೇ ಅಲ್ಲಿಯದಲ್ಲ. ಅಟ್ಲಾಂಟಿಕ್ ತೀರದ ತೆಂಗಿನ ಮೂಲ ಹಿಂದೂ ಮಹಾಸಾಗರದ ಕಡೆಯದು. ಅದು ಅಲ್ಲಿಗೆ ತಲುಪಿದ್ದು ಪೋರ್ಚುಗೀಸರ ಹಡಗುಗಳು ಈ ಕಡೆಯಿಂದ ಆ ಕಡೆಗೆ ಓಡಾಡತೊಡಗಿದ ಮೇಲೆ. ಗ್ರೆನಡೀನ್ಸಿನಲ್ಲಿ ಪ್ರೂನ್ ಐಲೆಂಡ್ ಎಂಬ ಸಾಮಾನ್ಯ ಹೆಸರಿನ ದ್ವೀಪವೊಂದಿತ್ತು. ಜಾನ್ ಕಾಲ್ಡ್‌ವೆಲ್ ಎಂಬ ಸಾಹಸಿ ನಾವಿಕರು 1960ರ ದಶಕದಲ್ಲಿ ಅದನ್ನು ವರ್ಷಕ್ಕೆ 1 ಡಾಲರಿನಂತೆ 99 ವರ್ಷಗಳ ಗುತ್ತಿಗೆಗೆ ಪಡೆದು, ಹೋಟೆಲು ಕಟ್ಟಿ, ಸಾಲು ಸಾಲಾಗಿ ತೆಂಗಿನ ಸಸಿ ನೆಟ್ಟು, ಅದಕ್ಕೆ ಪಾಮ್ ಐಲೆಂಡ್ ಎಂದು ಹೊಸದಾಗಿ ನಾಮಕರಣ ಮಾಡಿದರು. ತೆಂಗು ನೆಡುವುದರಲ್ಲಿ ತಿಪಟೂರಿನವರು ಅವರಿಗಿಂತ ಹಿಂದೆ ಬಿದ್ದವರಲ್ಲ. ನೆಟ್ಟ ತೋಟಕ್ಕೆ ‘ಮನುಷ್ಯನ ಕೈ ತಗಲದ ಸ್ವರ್ಗ’ ಎಂಬ ಫಲಕ ಹಾಕಬೇಕೆಂಬ ಬುದ್ಧಿ ಮಾತ್ರ ನಮ್ಮವರಿಗೆ ಬರಲಿಲ್ಲ. ಬಂದಿದ್ದರೆ ಕೊಬ್ಬರಿ ಧಾರಣೆಗಾಗಿ ಪ್ರತಿವರ್ಷ ಹೆದ್ದಾರಿ ತಡೆಯುವ ಕಷ್ಟ ತಪ್ಪುತ್ತಿತ್ತು.

ಕೈ ತಗಲದ ಸ್ವರ್ಗವನ್ನು ಹಾಗೆಯೇ ಉಳಿಸಿಕೊಳ್ಳಲು ದಿನವೂ ಬಹಳ ಕೈಗಳು ಬೇಕಾಗುತ್ತವೆ. 2011ರಿಂದೀಚೆಗೆ ಅಟ್ಲಾಂಟಿಕ್‌ನಲ್ಲಿ ಹಿಂದೆಂದೂ ಕಾಣದ ಪ್ರಮಾಣದಲ್ಲಿ ಬೆಳೆಯುತ್ತಿರುವ ಸರ್ಗಾಸಮ್ ಎಂಬ ಕಂದು ಬಣ್ಣದ ಕಡಲ ಪಾಚಿ, ಕ್ಯಾರಿಬಿಯನ್ನಿನ ದಡಗಳಿಗೆ ರಾಶಿ ರಾಶಿಯಾಗಿ ಬಂದು ಬೀಳುತ್ತದೆ. ಬಿದ್ದು ಕೊಳೆತರೆ ಕೆಟ್ಟ ಮೊಟ್ಟೆಯ ವಾಸನೆ ಹರಡುತ್ತದೆ. ಜಾಹೀರಾತಿನ ಚಿತ್ರದಲ್ಲಿ ಪಾಚಿ ಇಲ್ಲದ ಕಾರಣ ದಡದಲ್ಲಿಯೂ ಅದು ಇರಕೂಡದು. ಆದ್ದರಿಂದ ಅತಿಥಿಗಳು ಏಳುವ ಮೊದಲೇ ಕೆಲಸದವರು ಹಲ್ಲುಗೋಲು ಹಿಡಿದು ಮರಳನ್ನು ಬಾಚುತ್ತಾರೆ, ಬಾಚಿದ ಪಾಚಿಯನ್ನು ಹೊತ್ತು ಸಾಗಿಸುತ್ತಾರೆ, ತಮ್ಮ ಹೆಜ್ಜೆಗುರುತುಗಳನ್ನೂ ಅಳಿಸಿ ಮರೆಯಾಗುತ್ತಾರೆ. ಅತಿಥಿ ಎದ್ದು ಬಂದು ‘ಇಲ್ಲಿ ಮೊದಲ ಹೆಜ್ಜೆ ನನ್ನದೇ’ ಎಂದು ಪುಳಕಿತನಾಗುತ್ತಾನೆ. ಕುಡಿಯುವ ನೀರನ್ನು ಸಮುದ್ರದಿಂದ ಹಿಂಡಿ ತೆಗೆಯುವ ಯಂತ್ರ, ವಿದ್ಯುತ್ತು ಹುಟ್ಟಿಸುವ ಯಂತ್ರ, ಹಡಗಿನಲ್ಲಿ ಬಂದಿಳಿಯುವ ಹಾಲು, ಹಣ್ಣು, ಮಾಂಸ ಮತ್ತು ಮಂಜುಗಡ್ಡೆಗಳೆಲ್ಲ ಇರುವುದು ದ್ವೀಪದ ಹಿತ್ತಿಲಿನಲ್ಲಿ. ಹಿತ್ತಿಲು ಮುಂಬಾಗಿಲಿಗೆ ಕಾಣಿಸಕೂಡದೆಂಬುದು ಹಳೆಯ ಮನೆಗಳ ಯಜಮಾನರಿಗೂ ಗೊತ್ತಿದ್ದ ಶಾಸ್ತ್ರವೇ.

ಇಷ್ಟು ದುಬಾರಿ ಏಕಾಂತವನ್ನು ಕೊಳ್ಳಲಾರದ ಮಧ್ಯಮ ವರ್ಗದವರಿಗಾಗಿ ಹಡಗಿನ ಕಂಪನಿಗಳು ಸಗಟು ಏಕಾಂತವನ್ನು ತಯಾರಿಸಿವೆ. ಬಹಾಮಾಸ್‌ನಲ್ಲಿ ಲಿಟಲ್ ಸ್ಟಿರಪ್ ಕೇ ಎಂಬ ದ್ವೀಪಕ್ಕೆ ರಾಯಲ್ ಕ್ಯಾರಿಬಿಯನ್ ಕಂಪನಿ ಕೋಕೋಕೇ ಎಂದು ಹೆಸರಿಟ್ಟು, ತನ್ನ ಖಾಸಗಿ ದ್ವೀಪವೆಂದು ಪ್ರಯಾಣಿಕರಿಗೆ ಪರಿಚಯಿಸುತ್ತದೆ. (ಬಹಾಮಾಸ್ ಇರುವುದು ಅಟ್ಲಾಂಟಿಕ್‌ನಲ್ಲಿಯೇ ಹೊರತು ಕ್ಯಾರಿಬಿಯನ್ ಸಮುದ್ರದಲ್ಲಿ ಅಲ್ಲವೆಂದು ಅದೇ ಮೇಷ್ಟ್ರು ಮತ್ತೆ ಕೈ ಎತ್ತುವ ಮೊದಲು ಮುಂದೆ ಹೋಗೋಣ.) ಅಲ್ಲಿ 135 ಅಡಿ ಎತ್ತರದ ನೀರು ಜಾರುಬಂಡೆಯಿದೆ. ದೊಡ್ಡ ಹಡಗುಗಳು ಎರಡು ಒಮ್ಮೆಗೇ ಬಂದು ನಿಂತ ದಿನ ಸುಮಾರು 10,000 ಮಂದಿ ಅಲ್ಲಿ ಇಳಿದು, ಸರತಿಯಲ್ಲಿ ನಿಂತು, ಖಾಸಗಿತನವನ್ನು ಸಾಮೂಹಿಕವಾಗಿ ಅನುಭವಿಸುತ್ತಾರೆ. ಅಮೆರಿಕದಲ್ಲಿರುವ ನಮ್ಮ ಬಂಧುಗಳು ‘ಪ್ರೈವೇಟ್ ಐಲೆಂಡಿನಲ್ಲಿದ್ದೇವೆ’ ಎಂದು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸುವ ಚಿತ್ರದ ಹಿನ್ನೆಲೆಯಲ್ಲಿ ಕಾಣುವ ಜನಸಂದಣಿ ಮಹಾಮಸ್ತಕಾಭಿಷೇಕದ್ದಲ್ಲ, ಅವರ ಏಕಾಂತದ್ದು.

ಹೈಟಿಯ ಉತ್ತರ ಕರಾವಳಿಯ ಲಾಬಡಿ ದ್ವೀಪವೂ ಅಲ್ಲ. ನೆಲಕ್ಕೆ ಅಂಟಿಕೊಂಡಿರುವ ಭೂಶಿರ. ಇದೇ ಕಂಪನಿ 1980ರ ದಶಕದಿಂದ ಅದನ್ನು ಗುತ್ತಿಗೆಗೆ ಹಿಡಿದು, ಸುತ್ತಲೂ ಬೇಲಿ ಹಾಕಿ ಕಾವಲಿಟ್ಟಿತು. ಸಮುದ್ರ ಮಾಡದೆ ಬಿಟ್ಟ ಕೆಲಸವನ್ನು ಬೇಲಿ ಪೂರೈಸಿತು. 2010ರ ಜನವರಿ 12ರಂದು ಹೈಟಿಯಲ್ಲಿ ಭೂಕಂಪವಾಗಿ ಲಕ್ಷಕ್ಕೂ ಹೆಚ್ಚು ಜನ ಸತ್ತರು. ಜನವರಿ 15ರಂದು ಪ್ರವಾಸಿ ಹಡಗು ಲಾಬಡಿಗೆ ಬಂದು ನಿಂತಿತು. ಪರಿಹಾರ ಸಾಮಗ್ರಿಯನ್ನೂ ಇಳಿಸಿತು, ಈಜುಡುಗೆಯವರನ್ನೂ ಇಳಿಸಿತು. ಪ್ರಯಾಣಿಕರಲ್ಲಿ ಕೆಲವರಿಗೆ ಊಟ ಗಂಟಲಿಗೆ ಇಳಿಯಲಿಲ್ಲವೆಂದು ಆಗ ಪತ್ರಿಕೆಗಳಲ್ಲಿ ವರದಿಯಾಯಿತು. ಉಳಿದವರಿಗೆ ಇಳಿದಿರಬೇಕು.

ಜನರಿಲ್ಲದ ದ್ವೀಪ ಸಿಗದಿದ್ದಾಗ ಏನು ಮಾಡಬೇಕೆಂಬ ಪ್ರಶ್ನೆಗೆ ಉತ್ತರ ಬಾರ್ಬುಡಾದಲ್ಲಿದೆ. ಆಂಟಿಗುವಾ ಮತ್ತು ಬಾರ್ಬುಡಾ ದೇಶದ ಈ ಕಿರಿಯ ದ್ವೀಪದಲ್ಲಿ ನೆಲ ಯಾರೊಬ್ಬರದೂ ಆಗಿರಲಿಲ್ಲ. ಗುಲಾಮಗಿರಿಯಿಂದ ಬಿಡುಗಡೆಯಾದವರ ವಂಶಸ್ಥರು ತಲೆಮಾರುಗಳಿಂದ ಅದನ್ನು ಸಾಮೂಹಿಕವಾಗಿ ಇಟ್ಟುಕೊಂಡಿದ್ದರು; 2007ರ ಕಾಯ್ದೆ ಆ ಪದ್ಧತಿಯನ್ನು ಬರಹದಲ್ಲಿ ಒಪ್ಪಿಕೊಂಡು, ನೆಲವನ್ನು ಮಾರಕೂಡದೆಂದು ಹೇಳಿತು. ಆದರೆ ನಟ ರಾಬರ್ಟ್ ಡಿ ನಿರೋ ಮತ್ತು ಆಸ್ಟ್ರೇಲಿಯಾದ ಉದ್ಯಮಿ ಜೇಮ್ಸ್ ಪ್ಯಾಕರ್ ಅಲ್ಲೊಂದು ರೆಸಾರ್ಟು ಕಟ್ಟಬಯಸಿದಾಗ, 2015ರಲ್ಲಿ ಸಂಸತ್ತು ಆ ಒಂದು ಯೋಜನೆಗೆಂದೇ ಪ್ರತ್ಯೇಕ ಕಾಯ್ದೆ ಮಾಡಿತು. ಕಾಯ್ದೆಯ ಹೆಸರು ‘ಪ್ಯಾರಡೈಸ್ ಫೌಂಡ್’, ಎಂದರೆ ‘ಸ್ವರ್ಗ ಸಿಕ್ಕಿತು’. ಶಾಸನಗಳ ಹೆಸರು ಓದಿದರೆ ನಿದ್ದೆ ಬರಬೇಕೆಂಬ ನಿಯಮವನ್ನು ಮುರಿದ ಕೀರ್ತಿ ಈ ಕಾಯ್ದೆಗೆ ಸಲ್ಲುತ್ತದೆ. ಸ್ವರ್ಗದಲ್ಲಿ ಆಗಲೇ ಜನ ವಾಸವಾಗಿದ್ದರು, ಅವರು ಅದನ್ನು ಕಳೆದುಕೊಂಡಿರಲಿಲ್ಲ. ಹಾಗಿರುವಾಗ ಸಿಕ್ಕಿದ್ದು ಯಾರಿಗೆ ಎಂದು ಕೇಳುವವರು, ಆ ಸಮುದ್ರದಲ್ಲಿ ಇದೇ ಮಾತನ್ನು ಮೊದಲು ಆಡಿದವನು ಕೊಲಂಬಸ್ ಎಂಬುದನ್ನು ನೆನಪಿಸಿಕೊಳ್ಳಬೇಕು.

2017ರ ಸೆಪ್ಟೆಂಬರ್ 6ರಂದು ಇರ್ಮಾ ಚಂಡಮಾರುತ ಬಾರ್ಬುಡಾವನ್ನು ಅಪ್ಪಳಿಸಿತು. ಮನೆಗಳು ನೆಲಸಮವಾದವು, ಇಡೀ ದ್ವೀಪದ ಜನರನ್ನು ದೋಣಿಗಳಲ್ಲಿ ಆಂಟಿಗುವಾಗೆ ಸಾಗಿಸಿದರು. ಶತಮಾನಗಳಲ್ಲಿ ಮೊದಲ ಸಲ ಬಾರ್ಬುಡಾ ಜಾಹೀರಾತಿನ ಚಿತ್ರದಂತೆ ಕಂಡಿತು: ಮರಳು, ಸಮುದ್ರ, ಮತ್ತು ಯಾರೂ ಇಲ್ಲ. ಜನರು ಪೂರ್ತಿಯಾಗಿ ಮರಳುವ ಮೊದಲೇ ಹೊಸ ವಿಮಾನ ನಿಲ್ದಾಣಕ್ಕಾಗಿ ಬುಲ್ಡೋಜರುಗಳು ನೆಲ ತೆರವುಗೊಳಿಸತೊಡಗಿದವು. ಶಾಲೆಗೂ ಆಸ್ಪತ್ರೆಗೂ ಸೂರು ಹೊದಿಸುವುದಕ್ಕಿಂತ ವಿಮಾನ ಇಳಿಸುವುದು ತುರ್ತೆಂದು ಬುಲ್ಡೋಜರುಗಳಿಗೆ ಅನ್ನಿಸಿದ್ದಿರಬಹುದು. ಸಾಮೂಹಿಕ ಒಡೆತನದ ಕಾನೂನನ್ನೂ ಬದಲಿಸಲಾಯಿತು. ಜಗಳ ನ್ಯಾಯಾಲಯಕ್ಕೆ ಹೋಯಿತು. ಆ ದೇಶದ ಕೊನೆಯ ನ್ಯಾಯಪೀಠವಾದ ಪ್ರಿವಿ ಕೌನ್ಸಿಲ್ ಕುಳಿತುಕೊಳ್ಳುವುದು ಲಂಡನ್ನಿನಲ್ಲಿ. ಬಾರ್ಬುಡಾದವರ ಸಾಮೂಹಿಕ ಹಕ್ಕು ಸಂವಿಧಾನ ಕಾಪಾಡುವಂಥ ಆಸ್ತಿಯಲ್ಲವೆಂದು 2022ರಲ್ಲಿ ಅದು ಹೇಳಿತು. ವಿಮಾನ ನಿಲ್ದಾಣವನ್ನು ಪ್ರಶ್ನಿಸುವ ಅಧಿಕಾರ ಅಲ್ಲಿಯ ನಿವಾಸಿಗಳಿಗೆ ಇದೆಯೆಂದು 2024ರಲ್ಲಿ ಒಪ್ಪಿಕೊಂಡಿತು. ತಮ್ಮ ನೆಲದ ಬಗ್ಗೆ ಪ್ರಶ್ನೆ ಕೇಳಬಹುದು ಎಂಬಷ್ಟನ್ನು ತಿಳಿಯಲು ಅವರು ಅಟ್ಲಾಂಟಿಕ್ ದಾಟಬೇಕಾಯಿತು. ನಮ್ಮಲ್ಲಿ ಒಂದು ಕಾಲಕ್ಕೆ ‘ಉಳುವವನೇ ಹೊಲದೊಡೆಯ’ ಎಂಬ ಘೋಷಣೆ ಮೊಳಗಿತ್ತು. ಬಾರ್ಬುಡಾದಲ್ಲಿ ಒಂದೇ ಅಕ್ಷರದ ತಿದ್ದುಪಡಿಯಿಂದ ‘ಉಳಿವವನೇ ಹೊಲದೊಡೆಯ’ ಎಂದಾಗಿದೆ. ಉಳಿಯುವುದೂ ರಾತ್ರಿಯ ಲೆಕ್ಕದಲ್ಲಿ.

ಇದೇ ದೇಶ ಹೂಡಿಕೆ ಮಾಡಿದವರಿಗೆ ಪೌರತ್ವವನ್ನು ಕೊಡುತ್ತದೆ. ಬಾರ್ಬುಡಾದವರು ಮನೆಗೆ ಮರಳುವ ದಿನಕ್ಕಾಗಿ ಪಕ್ಕದ ದ್ವೀಪದ ಶಿಬಿರಗಳಲ್ಲಿ ಕಾಯುತ್ತಿದ್ದ 2017ರ ನವೆಂಬರಿನಲ್ಲಿಯೇ ಮುಂಬಯಿಯ ವಜ್ರ ವ್ಯಾಪಾರಿ ಮೆಹುಲ್ ಚೋಕ್ಸಿ ಅವರಿಗೆ ಅಲ್ಲಿಯ ಪೌರತ್ವ ಮಂಜೂರಾಯಿತು. ಮುಂದೆ ಕೆಲವೇ ವಾರಗಳಲ್ಲಿ ಅವರು ಭಾರತ ಬಿಟ್ಟರು, ಅದರ ಬೆನ್ನಿಗೇ ಪಂಜಾಬ್ ನ್ಯಾಷನಲ್ ಬ್ಯಾಂಕಿನ ವಂಚನೆಯ ಪ್ರಕರಣ ಬಯಲಾಗಿ ಅವರು ಆರೋಪಿಯಾದರು. ಒಂದೇ ಸರ್ಕಾರ, ಒಂದೇ ಋತು: ಮುನ್ನೂರು ವರ್ಷಗಳಿಂದ ಅಲ್ಲಿದ್ದವರಿಗೆ ತಾಯ್ನೆಲವಿಲ್ಲ, ಅಲ್ಲಿ ಹುಟ್ಟದವರಿಗೆ ಅದು ಅಂಚೆಯಲ್ಲಿ ಬಂದಿತು.

ಮತ್ತೆ ಹಳದಿ ಬಾವುಟದ ಗ್ರೆನಡೀನ್ಸಿಗೆ ಬರೋಣ. 2024ರ ಜುಲೈ 1ರಂದು ಬೆರಿಲ್ ಚಂಡಮಾರುತ ಆ ದ್ವೀಪಗಳ ಮೇಲೆ ಹಾದುಹೋಯಿತು. ಪೆಟಿ ಸೇಂಟ್ ವಿನ್ಸೆಂಟ್ ಮತ್ತು ಪಾಮ್ ಐಲೆಂಡ್‌ಗಳ ನೆರೆಯಲ್ಲಿರುವ ಯೂನಿಯನ್ ದ್ವೀಪ ಬೆಳಿಗ್ಗೆ ದೋಣಿಯಲ್ಲಿ ಕೆಲಸಕ್ಕೆ ಹೋಗುವವರ ಊರು. ಅಲ್ಲಿಯ ನೂರಕ್ಕೆ 90 ಮನೆಗಳು ಹಾಳಾದವು ಇಲ್ಲವೆ ತೀವ್ರವಾಗಿ ಜಖಂಗೊಂಡವು ಎಂದು ಆ ದೇಶದ ಪ್ರಧಾನಿಯೇ ಪ್ರಕಟಿಸಿದರು. ಮರುದಿನ ಯೂನಿಯನ್ ದ್ವೀಪದಲ್ಲಿ ಫೋನ್ ಇರಲಿಲ್ಲ, ಟಿ.ವಿ. ಇರಲಿಲ್ಲ, ದೀಪ ಇರಲಿಲ್ಲ, ಬೀಗ ಹಾಕಲು ಬಾಗಿಲು ಇರಲಿಲ್ಲ, ಮಲಗಿದಲ್ಲಿಂದಲೇ ನಕ್ಷತ್ರಗಳು ಕಾಣುತ್ತಿದ್ದವು. ಜಾಹೀರಾತಿನಲ್ಲಿ ಹೇಳಿದ ಎಲ್ಲ ‘ಇಲ್ಲ’ಗಳೂ ಒಂದೂ ಬಿಡದಂತೆ ಅಲ್ಲಿದ್ದವು, ಕಾಯ್ದಿರಿಸಲು ಮಾತ್ರ ಯಾರೂ ಮುಂದೆ ಬರಲಿಲ್ಲ.