ಬೀಡಿ ಕಟ್ಟಿದವರು, ಬೀಡಿ ಸೇದಿದವರು

ಮಂಗಳೂರಿನಿಂದ ಉಡುಪಿಗೆ ಹೋಗುವ ದಾರಿಯಲ್ಲಿ ಸಿಗುವ ಮುಲ್ಕಿಯ ಸಮೀಪ ನನ್ನ ದೊಡ್ಡಮ್ಮನ ಮನೆಯಿದೆ. ಆ ಮನೆಯ ಜಗಲಿಯಲ್ಲಿ ಕುಳಿತು ಅವರು ಸುಮಾರು ನಲವತ್ತು ವರ್ಷ ಬೀಡಿ ಕಟ್ಟಿದರು. ನೆನೆಸಿದ ಎಲೆಯನ್ನು ಅಳತೆಗೆ ಕತ್ತರಿಸಿ, ಮಡಿಲಲ್ಲಿಟ್ಟುಕೊಂಡ ತಡ್ಪೆಯಿಂದ, ಅಂದರೆ ಮೊರದಿಂದ, ಚಿಟಿಕೆ ಹೊಗೆಸೊಪ್ಪಿನ ಪುಡಿ ತೆಗೆದು ತುಂಬಿ, ಸುರುಳಿ ಸುತ್ತಿ, ಬಾಯಿ ಮಡಚಿ, ನೂಲು ಬಿಗಿಯುವ ಕೆಲಸವನ್ನು ಅವರು ಕೈಯತ್ತ ನೋಡದೆಯೇ ಮಾಡುತ್ತಿದ್ದರು. ಇಪ್ಪತ್ತೈದರ ಕಟ್ಟುಗಳನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು ಬಂದ ಹಣದಿಂದಲೇ ಮಕ್ಕಳ ಶಾಲೆಯ ಫೀಸು ನಡೆಯಿತು. ಇಷ್ಟು ಬೀಡಿ ಕಟ್ಟಿದವರು ಒಂದನ್ನಾದರೂ ಸೇದಿ ನೋಡಲಿಲ್ಲವೇ ಎಂದು ಒಮ್ಮೆ ಕೇಳಿದ್ದೆ. "ಹೆಂಗಸರು ಸೇದುವುದುಂಟಾ? ನೋಡಿದವರು ಎಂತ ಹೇಳಿಯಾರು?" ಎಂದರು. ಆರೋಗ್ಯದ ಮಾತು ಅವರ ಬಾಯಲ್ಲಿ ಬರಲೇ ಇಲ್ಲ.

ಧೂಮಪಾನವನ್ನು ವ್ಯಕ್ತಿಯ ದೌರ್ಬಲ್ಯವೆಂದೂ, ಸೇದದಿರುವುದನ್ನು ಹೆಂಗಸರ ಸಹಜ ಗುಣವೆಂದೂ ನೋಡುವ ನಮ್ಮ ರೂಢಿಯನ್ನು ನಾನು ಒಪ್ಪದಿರುವುದು ಆ ಉತ್ತರದಿಂದಾಗಿ. 2016-17ರ ಜಾಗತಿಕ ವಯಸ್ಕರ ತಂಬಾಕು ಸಮೀಕ್ಷೆಯ ಭಾರತದ ವರದಿಯ ಪ್ರಕಾರ ದೇಶದ ಗಂಡಸರಲ್ಲಿ ಶೇ. 19ರಷ್ಟು ಮಂದಿ ಧೂಮಪಾನ ಮಾಡುತ್ತಿದ್ದರೆ, ಹೆಂಗಸರಲ್ಲಿ ಆ ಪ್ರಮಾಣ ಶೇ. 2 ಮಾತ್ರ. ಆದರೆ ಹೊಗೆಯಿಲ್ಲದ ತಂಬಾಕನ್ನು ಬಳಸುವ ಹೆಂಗಸರು ಶೇ. 12.8. ತಂಬಾಕೇ ಬೇಡವೆನ್ನುವ ಗುಣವಿದ್ದಿದ್ದರೆ ಈ ಎರಡನೆಯ ಸಂಖ್ಯೆ ಇಷ್ಟಿರುತ್ತಿರಲಿಲ್ಲ. ವೀಳ್ಯದ ತಟ್ಟೆಯಲ್ಲಿ ಹೊಗೆಸೊಪ್ಪಿಗೆ ಸಿಕ್ಕ ಮರ್ಯಾದೆ ಬೀಡಿಗೆ ಸಿಗಲಿಲ್ಲ, ಅಷ್ಟೆ. ನಮ್ಮ ದೊಡ್ಡಮ್ಮನೂ ಮಧ್ಯಾಹ್ನದ ಊಟವಾದ ಮೇಲೆ ಎಲೆಯಡಿಕೆಯೊಂದಿಗೆ ಒಂದು ಚೂರು ಹೊಗೆಸೊಪ್ಪು ಹಾಕಿಕೊಳ್ಳುತ್ತಿದ್ದರು. ಅದನ್ನು ಚಟವೆಂದು ಯಾರೂ ಕರೆಯಲಿಲ್ಲ. ಇತ್ತ ಆಂಧ್ರದ ಕರಾವಳಿಯ ಶ್ರೀಕಾಕುಳಂ ಕಡೆಯ ಹಳ್ಳಿಗಳಲ್ಲಿ ಹೆಂಗಸರು ಚುಟ್ಟಾದ, ಅಂದರೆ ಹೊಗೆಸೊಪ್ಪನ್ನೇ ಸುತ್ತಿ ಮಾಡಿದ ಚುರುಟಿನ, ಉರಿಯುವ ತುದಿಯನ್ನೇ ಬಾಯೊಳಗಿಟ್ಟು ಸೇದುವ ಪದ್ಧತಿಯುಂಟು. ಅಲ್ಲಿಯ ಊರು ಒಪ್ಪಿತು, ನಮ್ಮ ಊರು ಒಪ್ಪಲಿಲ್ಲ.

ಹಾಗೆ ಒಪ್ಪಿಗೆ ಕೊಡುವವರು ಊರಿನ ಹಿರಿಯರೇ ಆಗಬೇಕೆಂದಿಲ್ಲ, ವ್ಯಾಪಾರಿಗಳೂ ಕೊಡುತ್ತಾರೆ. 1929ರಲ್ಲಿ ನ್ಯೂಯಾರ್ಕಿನ ಈಸ್ಟರ್ ಮೆರವಣಿಗೆಯಲ್ಲಿ ಯುವತಿಯರು ಬಹಿರಂಗವಾಗಿ ಸಿಗರೇಟು ಹಚ್ಚುವಂತೆ ಏರ್ಪಾಡು ಮಾಡಿ, ಅದಕ್ಕೆ 'ಸ್ವಾತಂತ್ರ್ಯದ ಪಂಜು' ಎಂಬ ಹೆಸರು ಕೊಟ್ಟ ಎಡ್ವರ್ಡ್ ಬರ್ನೇಸ್ ತಂಬಾಕು ಕಂಪನಿಯ ಪ್ರಚಾರಕನಾಗಿದ್ದ. ಬ್ರಿಟನ್ನಿನಲ್ಲಿ 1948ರ ಹೊತ್ತಿಗೆ ಗಂಡಸರಲ್ಲಿ ಶೇ. 82 ಮತ್ತು ಹೆಂಗಸರಲ್ಲಿ ಶೇ. 41ರಷ್ಟು ಮಂದಿ ಸೇದುತ್ತಿದ್ದರು. ಅಪಾಯ ತಿಳಿದ ಮೇಲೆ ಮೊದಲು ಬಿಟ್ಟವರು ಓದಿದವರು ಮತ್ತು ಉಳ್ಳವರು. ಇಂದು ಅಲ್ಲಿ ಮೈಮುರಿದು ದುಡಿಯುವವರಲ್ಲೇ ಧೂಮಪಾನ ಹೆಚ್ಚು.

ನಮ್ಮಲ್ಲೂ ಹೆಚ್ಚು ಜನ ಸೇದುವುದು ಸಿಗರೇಟನ್ನಲ್ಲ, ಬೀಡಿಯನ್ನು. ಅದೇ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಬೀಡಿ ಸೇದುವವರು ಶೇ. 7.7, ಸಿಗರೇಟು ಸೇದುವವರು ಶೇ. 4. ಮಂಗಳೂರಿನ ಬಂದರಿನಲ್ಲಿ ಬೆಳಗಿನ ಜಾವ ಮೀನಿನ ಬುಟ್ಟಿ ಇಳಿಸುವವರ ನಡುವೆ ಒಮ್ಮೆ ನಿಂತು ನೋಡಿದರೆ ಇದಕ್ಕೆ ವಿವರಣೆ ಬೇಕಾಗುವುದಿಲ್ಲ. ನಿದ್ದೆಗೆಟ್ಟ ದೇಹಕ್ಕೆ ಹತ್ತು ನಿಮಿಷದ ಬಿಡುವು ಕೇಳಲು ಅವರಿಗಿರುವ ನೆಪ ಅದೊಂದೇ. ಅಂಥವರಿಗೆ ಪೊಟ್ಟಣದ ಮೇಲಿನ ಚಿತ್ರ ತೋರಿಸಿ ಬುದ್ಧಿ ಹೇಳುವುದು ಸುಲಭ.

ಕಳೆದ ತಿಂಗಳು ಮಣಿಪಾಲದ ಒಂದು ಗೂಡಂಗಡಿಯೆದುರು ಇಬ್ಬರು ಗಂಡಸರು, ಸ್ವಲ್ಪ ದೂರದಲ್ಲಿ ಸಿಗರೇಟು ಹಚ್ಚಿದ ವಿದ್ಯಾರ್ಥಿನಿಯನ್ನು ನೋಡಿ, "ಕಾಲ ಕೆಟ್ಟಿತು ಮಾರಾಯ್ರೆ" ಎಂದು ಮರುಗಿದರು. ಇಬ್ಬರ ಕೈಯಲ್ಲೂ ಸಿಗರೇಟು ಉರಿಯುತ್ತಿತ್ತು. ಆ ಹುಡುಗಿ ಸೇದುವುದು ನನಗೂ ಇಷ್ಟವಿಲ್ಲ, ಅವಳ ಶ್ವಾಸಕೋಶದ ಕಾರಣಕ್ಕೆ. ಅವರಿಬ್ಬರ ಚಿಂತೆ ಬೇರೆಯದು. ಇಂಥ ಚಿಂತೆಯ ಫಲವೇನೆಂದರೆ, ಅವಳು ನಾಳೆ ಬಿಡಬೇಕೆಂದುಕೊಂಡರೂ ಮನೆಯಲ್ಲಾಗಲಿ ವೈದ್ಯರ ಬಳಿಯಾಗಲಿ ಬಾಯಿಬಿಡಲಾರಳು.

ನಮ್ಮ ದೊಡ್ಡಪ್ಪ ದಿನಕ್ಕೊಂದು ಕಟ್ಟು ಬೀಡಿ ಸೇದುತ್ತಿದ್ದರು, ಅದೂ ಮನೆಯೊಳಗೇ. ಕೆಮ್ಮು ಹೆಚ್ಚಾದಾಗ ಇಬ್ಬರನ್ನೂ ಒಂದೇ ದಿನ ಡಾಕ್ಟರರಲ್ಲಿಗೆ ಕರೆದುಕೊಂಡು ಹೋಗಿದ್ದೆ. ದೊಡ್ಡಪ್ಪನನ್ನು ದಿನಕ್ಕೆ ಎಷ್ಟು, ಎಷ್ಟು ವರ್ಷದಿಂದ ಎಂದೆಲ್ಲ ವಿಚಾರಿಸಿ ಬರೆದುಕೊಂಡರು. ದೊಡ್ಡಮ್ಮನ ಸರದಿ ಬಂದಾಗ ಎದೆಗೆ ಸ್ಟೆಥಸ್ಕೋಪು ಇಟ್ಟು ನೋಡಿ, ಸಿರಪ್ ಬರೆದು ಕಳಿಸಿದರು. ಬೀಡಿ ಕಟ್ಟಿ ಕಟ್ಟಿ ಕಂದಿದ ಆ ಬೆರಳುಗಳು ಮೇಜಿನ ಮೇಲೆಯೇ ಇದ್ದವು.